ವಿಮೆಗೆ ಹೊಡೆಯೋ ಫೋಟೋ: ಏನು ಹೇಳತೈತಿ, ಏನು ಹೇಳೂದಿಲ್ಲ



ಈ ಸಲದ ಟಿಪ್ಪಣಿ ಬೀಜದ್ದಲ್ಲ, ಗೊಬ್ಬರದ್ದಲ್ಲ, ಫೋಟೋದ್ದು. ನಗಬ್ಯಾಡ್ರಿ. ಮೊನ್ನೆ ಫೋನಿನ್ಯಾಗ ಜಾಗಾ ಇಲ್ಲ ಅಂತ ಮಗಳು ಬ್ಯಾಡಾದ ಫೋಟೋ ಅಳಿಸಾಕ ಕುಂತಿದ್ಲು. ಸ್ವಲ್ಪ ಹೊತ್ತಿಗೆ, "ಅಪ್ಪಾ, ನಿನ್ನ ಫೋನಿನ್ಯಾಗ ಮನಿ ಮಂದಿಕಿಂತ ಆಕಳ ಕಿವೀನ ಭಾಳ ಅದಾವ" ಅಂದ್ಲು. ಖರೆ ಮಾತು. ಕಿವಿಯ ಹಳದಿ ಬಿಲ್ಲೆ, ಟ್ರ್ಯಾಕ್ಟರಿನ ಚಾಸಿ ನಂಬರು, ಬದುವಿನ ಕಲ್ಲು, ಗಾಳಿಗೆ ಬಿದ್ದ ಗೋವಿನಜೋಳ, ಮಳೆಗೆ ತೊಯ್ದ ಸೋಯಾಬೀನ್, ಬ್ಯಾಂಕಿನ ಕಂತಿನ ರಸೀದಿ. ನಿಮ್ಮ ಫೋನು ತೆಗೆದು ನೋಡ್ರಿ, ನಿಮ್ಮಲ್ಲೂ ಇವೇ ಇರ್ತಾವ.

ನಮ್ಮ ಅಪ್ಪನ ಕಾಲದಾಗ ಫೋಟೋ ಅಂದ್ರ ಮದುವಿ, ಜಾತ್ರಿ, ಹೊಸ ಎತ್ತು ತಂದ ದಿನ. ಛಲೋ ದಿನಕ್ಕಷ್ಟೇ ಫೋಟೋ. ಈಗ ಕೆಟ್ಟ ದಿನ ಬಂದ ಕೂಡಲೇ ಮೊದಲು ಕೈ ಹೋಗೋದು ಫೋನಿಗೆ. ಹಂಗಾದ್ರೂ ಎಷ್ಟೋ ಜನಕ್ಕೆ, ಈ ಫೋಟೋ ಯಾವುದಕ್ಕೆ ಕೆಲಸಕ್ಕೆ ಬರತೈತಿ, ಯಾವುದಕ್ಕೆ ಬರೂದಿಲ್ಲ ಅನ್ನೋದು ಸ್ಪಷ್ಟ ಇಲ್ಲ. "ಫೋಟೋ ಹೊಡದೇನಿ, ದುಡ್ಡು ಬರಲಿಲ್ಲ" ಅಂತ ಬೈಯೋರು ಇದ್ದಾರ. "ಫೋಟೋ ಯಾಕ ಬೇಕು, ಊರೆಲ್ಲಾ ಹಾಳಾದದ್ದು ಕಾಣೂದಿಲ್ಲೇನು" ಅಂತ ಸುಮ್ಮನೆ ಕೂತೋರೂ ಇದ್ದಾರ. ಇಬ್ಬರ ಮಾತಿನಾಗೂ ಅರ್ಧ ಸತ್ಯ ಐತಿ. ಅದಕ್ಕೇ ಇಷ್ಟು ಉದ್ದ ಬರೆಯಾಕತ್ತೇನಿ.

ಮೊದಲು, ಫೋಟೋ ಮಾಡದ ಕೆಲಸ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಬಂತು. ಮುಂಗಾರು ಬೆಳೆಗೆ ವಿಮೆ ಮೊತ್ತದ 2%, ಹಿಂಗಾರಿಗೆ 1.5%, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5% ನಮ್ಮ ಪಾಲಿನ ಕಂತು. ಉದಾಹರಣೆಗೆ ಹೆಕ್ಟೇರಿಗೆ 50,000 ರೂಪಾಯಿ ವಿಮೆ ಮೊತ್ತ ಇದ್ದರೆ ಮುಂಗಾರಿನಲ್ಲಿ ನಾವು ಕಟ್ಟೋದು 1,000. ಉಳಿದ ಕಂತನ್ನು ಸರ್ಕಾರಗಳು ಹಾಕುತ್ತವೆ.

ಈ ವಿಮೆಯ ಮುಖ್ಯ ಭಾಗ ನಿಮ್ಮ ಹೊಲ ನೋಡೂದೇ ಇಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಒಂದು ಘಟಕ. ಆ ಘಟಕದೊಳಗೆ ಕೆಲವು ಸರ್ವೆ ನಂಬರುಗಳನ್ನು ಮೊದಲೇ ಆರಿಸಿ, ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಹೊಲದಲ್ಲಿ ಅಳತೆ ಹಾಕಿ, ಸಾಮಾನ್ಯವಾಗಿ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡಿನಾಗಿನ ಬೆಳೆ ಕೊಯ್ದು, ಒಕ್ಕಿ, ತೂಗುತ್ತಾರೆ. ಅದರ ಸರಾಸರಿಯನ್ನು ಹಿಂದಿನ ವರ್ಷಗಳ ಲೆಕ್ಕದಿಂದ ಬಂದ ಖಾತರಿ ಇಳುವರಿಯ ಜೊತೆ ಹೋಲಿಸಿ, ಎಷ್ಟು ಕಡಿಮೆಯೋ ಅಷ್ಟರ ಮೇಲೆ ಪರಿಹಾರ. ಅಲ್ಲಿಯೂ ಫೋಟೋ ಹೊಡೆಯುತ್ತಾರೆ, ಆದರೆ ಅದು ಕಟಾವು ಮಾಡೋ ಅಧಿಕಾರಿ ಆ್ಯಪಿನಲ್ಲಿ ಹೊಡೆಯೋ ಫೋಟೋ. ಮಳೆ ಕೈಕೊಟ್ಟು ಇಡೀ ಪಂಚಾಯಿತಿ ಒಣಗಿದಾಗ ನೀವು ನಿಮ್ಮ ಹೊಲದ ನೂರು ಫೋಟೋ ಹೊಡೆದರೂ ಆ ಲೆಕ್ಕ ಒಂದು ಕಿಲೋ ಹೆಚ್ಚುಕಡಿಮೆ ಆಗೂದಿಲ್ಲ.

ಇದು ಅನ್ಯಾಯ ಅನಿಸಬಹುದು. ಆದರೆ ಹಿಂದೆ ಒಂದು ವಿಚಾರ ಐತಿ, ಅದು ಹುಟ್ಟಿದ್ದೂ ನಮ್ಮ ನಾಡಿನೊಳಗೇ. ಹಳೆ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ ಅನ್ನೋರು 1920ರಲ್ಲಿ ಬೆಳೆ ವಿಮೆ ಬಗ್ಗೆ ಒಂದು ಪುಸ್ತಕ ಬರೆದರು. ಒಬ್ಬೊಬ್ಬ ರೈತನ ನಷ್ಟವನ್ನು ಬೇರೆ ಬೇರೆ ಅಳೆಯೋ ಬದಲು, ಇಡೀ ಪ್ರದೇಶದ ಮಳೆಯನ್ನೇ ಅಳತೆಗೋಲು ಮಾಡಿ ಅಲ್ಲಿಯವರಿಗೆಲ್ಲ ಪರಿಹಾರ ಕೊಡಬೇಕು ಅಂತ ಅವರ ಯೋಜನೆ. ಆಗ ಫೋನೂ ಇಲ್ಲ, ರಸ್ತೆಯೂ ಇಲ್ಲ. ಲಕ್ಷಗಟ್ಟಲೆ ಸಣ್ಣ ಹೊಲಗಳನ್ನು ಯಾರು ಹೋಗಿ ನೋಡಬೇಕು? ಇವತ್ತಿಗೂ ನಮ್ಮ ಬೆಳೆ ವಿಮೆಯ ಬೆನ್ನೆಲುಬು ಪ್ರದೇಶದ ಲೆಕ್ಕವೇ. ಈಗ ಮೇಲಿನಿಂದ ನೋಡೋ ಉಪಗ್ರಹವೂ ಸೇರಿಕೊಂಡೈತಿ. ಭತ್ತ, ಗೋಧಿಯ ಇಳುವರಿ ಲೆಕ್ಕಕ್ಕೆ 2023ರ ಮುಂಗಾರಿನಿಂದ ಅದನ್ನೂ ಬಳಸುತ್ತಾರೆ.

ಹಂಗಾದ್ರ ನಮ್ಮ ಫೋಟೋ ಎಲ್ಲಿ ಕೆಲಸಕ್ಕೆ ಬರತೈತಿ? ನನಗೆ ಕಂಡಂಗ ಮೂರು ಕಡೆ. ಬೆಳೆ ಯಾವುದು ಅನ್ನೋದಕ್ಕೆ, ನಿಮ್ಮೊಬ್ಬರ ಹೊಲಕ್ಕೆ ಬಂದ ಆಪತ್ತಿಗೆ, ಮತ್ತು ದನಕ್ಕೆ.

ಒಂದು: ಬೇವಿನ ಗಿಡ ನಂದು, ಹತ್ತಿ ನಂದಲ್ಲ

ನಮ್ಮ ಹೊಲಕ್ಕ ಹತ್ತಿದ್ದ ಹೊಲ ಕಾಕಾಂದು. ಸ್ವಂತ ಕಾಕಾ ಅಲ್ಲ, ಊರಿನ ಕಾಕಾ. ಅವರದು ಮೂರು ಎಕರೆ ಎರಿ ಹೊಲ. ಒಂದು ವರ್ಷ ಪೂರಾ ಗೋವಿನಜೋಳ ಹಾಕಿ, ಅದಕ್ಕೇ ವಿಮೆ ಕಟ್ಟಿದ್ರು. ಆ ವರ್ಷ ನಮ್ಮ ಪಂಚಾಯಿತಿಗೆ ಗೋವಿನಜೋಳದ ಪರಿಹಾರ ಬಂತು. ಸುತ್ತಲಿನವರ ಖಾತೆಗೆ ಜಮಾ ಆತು, ಕಾಕಾನ ಖಾತೆಗೆ ಆಗಲಿಲ್ಲ. ಕೇಳಾಕ ಹೋದಾಗ, "ವಿಮೆ ಮಾಡಿಸಿದ ಬೆಳೆ ಬ್ಯಾರೆ, ಬೆಳೆ ಸಮೀಕ್ಷೆಯೊಳಗಿನ ಬೆಳೆ ಬ್ಯಾರೆ" ಅಂತ ಅರ್ಜಿ ತಿರಸ್ಕಾರ ಆದದ್ದು ಗೊತ್ತಾತು. ಸಮೀಕ್ಷೆಯೊಳಗ ಅವರ ಸರ್ವೆ ನಂಬರಿಗೆ ಹತ್ತಿ ಅಂತ ಬಿದ್ದಿತ್ತು.

ಫೋಟೋ ತೋರಿಸ್ರಿ ಅಂದ್ರು ಕಾಕಾ. ತೋರಿಸಿದ್ರು. ಮುಂದ ಮೊಣಕಾಲ ಎತ್ತರ ಹತ್ತಿ, ಹಿಂದ ಒಂದು ಬೇವಿನ ಗಿಡ. ಸಮೀಕ್ಷೆಗೆ ಬಂದ ಹುಡುಗ ಕೆಸರಿನ್ಯಾಗ ಒಳಗ ಹೋಗದ, ಬದುವಿನ ಮ್ಯಾಲೆ ನಿಂತು ಆಚೆ ಮಗ್ಗಲ ಹೊಲಕ್ಕ ಫೋನ್ ತಿರುಗಿಸಿದ್ದ. "ಬೇವಿನ ಗಿಡ ನಂದ ಖರೆ, ಹತ್ತಿ ನಂದಲ್ಲರಿ" ಅಂತ ಕಾಕಾ ಹೇಳಿದ್ರು. ಆದ್ರ ಆಕ್ಷೇಪಣೆ ಹಾಕೋ ವೇಳೆ ಮುಗಿದು ತಿಂಗಳುಗಟ್ಟಲೆ ಆಗಿತ್ತು. ಹೊರಗ ಬಂದು ಚಾದಂಗಡಿ ಕಟ್ಟಿ ಮ್ಯಾಲೆ ಕುಂತು ಅವರು ಅಂದ ಮಾತು ನನಗಿನ್ನೂ ನೆನಪೈತಿ: "ನಲವತ್ತು ವರ್ಷ ಆತು ತಮ್ಮಾ, ದಿನಾ ಹೊಲಕ್ಕ ಹೋಗೇನಿ. ಒಂದ ದಿನ ಬಂದಾವನ ಫೋಟೋ ಖರೆ ಆತು, ನಾ ಸುಳ್ಳ ಆದೆ."

ಆ ದುಡ್ಡಿನ್ಯಾಗ ಮಗನ ಕಾಲೇಜಿನ ಫೀ ಕಟ್ಟೋ ವಿಚಾರ ಇತ್ತು ಅವರದು. ಕೊನೆಗೆ ಒಂದು ಎಮ್ಮಿ ಮಾರಿದ್ರು.

ಕಾಕಾ ಮುಂದಿನ ವರ್ಷದಿಂದ ಯಾರ ದಾರೀನೂ ಕಾಯಲಿಲ್ಲ. ನಮ್ಮ ರಾಜ್ಯದಲ್ಲಿ 2020ರಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ತಮ್ಮ ಬೆಳೆ ಹಾಕಬಹುದು. ಹೊಲದ ಗಡಿಯೊಳಗೆ ನಿಂತು, ಬೆಳೆ ಹೆಸರು, ಕ್ಷೇತ್ರ ಹಾಕಿ, ಅಲ್ಲೇ ಫೋಟೋ ಹೊಡೆದು ಕಳಿಸಬೇಕು. ಬೇರೆಯವರು ಬಂದು ಸಮೀಕ್ಷೆ ಮಾಡಿದ್ದರೆ ‘ಬೆಳೆ ದರ್ಶಕ’ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರು ಹಾಕಿ ಯಾವ ಬೆಳೆ ಬಿದ್ದೈತಿ, ಯಾವ ಫೋಟೋ ಐತಿ ನೋಡಬಹುದು. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ವೇಳೆಯೊಳಗೆ ಹಾಕಬೇಕು ಅಷ್ಟೇ. ಹೆಸರು ಬಿಡಿಸಿ ಅದೇ ಹೊಲಕ್ಕೆ ಹಿಂಗಾರಿ ಜೋಳ ಬಿತ್ತೋರು, ಮಿಶ್ರ ಬೆಳೆ ಹಾಕಿದೋರು ಇದನ್ನು ಎರಡು ಸಲ ನೋಡ್ರಿ. ತೊಗರಿ ನಡುವೆ ಹೆಸರು ಹಾಕಿದ ಹೊಲದಾಗ ನಿಂತ ಜಾಗದ ಮೇಲೆ ಫೋಟೋ ಬದಲಾಗತೈತಿ.

ಎರಡು: 72 ತಾಸಿನ ಲೆಕ್ಕ

ಇಡೀ ಪಂಚಾಯಿತಿ ಅಲ್ಲ, ನಿಮ್ಮೊಬ್ಬರ ಹೊಲಕ್ಕೆ ಆಪತ್ತು ಬಂದರೂ ಈ ವಿಮೆಯಲ್ಲಿ ದಾರಿ ಐತಿ. ಆಲಿಕಲ್ಲು ಮಳೆ, ಭೂಕುಸಿತ, ಹೊಲ ಮುಳುಗೋದು, ಮೇಘಸ್ಫೋಟ, ಸಿಡಿಲಿನಿಂದ ಬಿದ್ದ ಬೆಂಕಿ, ಇವಕ್ಕೆ ಹೊಲವಾರು ನಷ್ಟ ನೋಡುತ್ತಾರೆ. ಕೊಯ್ದು ಹೊಲದಲ್ಲೇ ಒಣಗಾಕ ಹರವಿದ ಬೆಳೆಗೆ ಅಕಾಲಿಕ ಮಳೆ, ಚಂಡಮಾರುತದ ಮಳೆ, ಆಲಿಕಲ್ಲು ಬಿದ್ದರೂ, ಕಟಾವಾದ 14 ದಿನದೊಳಗೆ ಲೆಕ್ಕಕ್ಕೆ ಬರತೈತಿ. ಎಲ್ಲಕ್ಕೂ ಒಂದೇ ಷರತ್ತು: 72 ತಾಸಿನೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಬಹುದು, ಬೆಳೆ ವಿಮೆ ಆ್ಯಪಿನಲ್ಲಿ ಹಾಕಬಹುದು.

ಹೊಲ ಮುಳುಗೋ ವಿಚಾರದಾಗ ಭತ್ತದವರಿಗೆ ಒಂದು ಮಾತು. 2018ರಿಂದ ಭತ್ತಕ್ಕೆ ಈ ಬಾಬ್ತು ತೆಗೆದಿದ್ರು. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸೋದಾಗಿ ಹೇಳಿತು. ಕಾಡುಪ್ರಾಣಿ ಹಾವಳಿಯನ್ನೂ ಅದರ ಜೊತೆಗೇ ಸೇರಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನೋ ಪಟ್ಟಿ ರಾಜ್ಯ ಸರ್ಕಾರದ್ದು. ಹಂದಿ, ಚಿಗರಿ ಕಾಟ ಇರೋ ನಮ್ಮಂಥವರು ರೈತ ಸಂಪರ್ಕ ಕೇಂದ್ರದಾಗ ಪಟ್ಟಿ ಕೇಳಿಕೊಳ್ರಿ. ಅದಕ್ಕೂ 72 ತಾಸು, ಅದಕ್ಕೂ ಜಾಗದ ಗುರುತು ಬಿದ್ದ ಫೋಟೋ.

ಇಲ್ಲಿ ಫೋಟೋಕ್ಕೆ ನಿಜವಾದ ಬೆಲೆ ಐತಿ. ಯಾಕಂದ್ರ ಹೊಲ ಕಾಯೂದಿಲ್ಲ. ನೀರು ಎರಡು ದಿನಕ್ಕ ಇಳೀತೈತಿ. ಬಿದ್ದ ಪೈರು ಅರ್ಧ ಎದ್ದು ನಿಲ್ಲತೈತಿ. ಆಲಿಕಲ್ಲು ಕರಗಿ ಹೋಗತೈತಿ. ನಷ್ಟ ನೋಡೋರು ಬರೋ ಹೊತ್ತಿಗೆ ಹೊಲ ಬೇರೆ ಕಥೆ ಹೇಳತಿರತೈತಿ.

ಎರಡು ವರ್ಷದ ಹಿಂದ ನಮ್ಮ ದೊಡ್ಡಪ್ಪನ ಮಗನ ಸೋಯಾಬೀನ್ ಕೊಯ್ದು ಹರವಿದ ಮೂರನೇ ದಿನಕ್ಕ ರಾತ್ರಿಯೆಲ್ಲ ಮಳೆ ಹಿಡೀತು. ಮುಂಜಾನೆ ನೋಡಿದ್ರ ಸಾಲಿನ ನಡುವೆ ನೀರು ನಿಂತೈತಿ. ಅಣ್ಣ ಅಂದ: "ಸರ್ವೆದವರು ಬರೋತನಕ ಒಂದ ಕಡ್ಡಿ ಮುಟ್ಟಬ್ಯಾಡ್ರಿ, ಮುಟ್ಟಿದ್ರ ನಷ್ಟ ಇಲ್ಲಂತಾರ." ವೈನಿ ಕೇಳಲಿಲ್ಲ: "ಅವರು ಬರೂದ್ರಾಗ ಕಾಳು ಮೊಳಕಿ ಒಡೀತಾವ. ಬರೋ ದುಡ್ಡು ನೋಡಿ ಕೈಯಾಗಿನ ಕಾಳು ಕೊಳೆಸಬೇಕೇನು?" ಇಬ್ಬರದೂ ಖರೆ. ಇದು ಬರೇ ಅವರ ಮನಿ ಜಗಳ ಅಲ್ಲ, ಮಳೆಗೆ ಸಿಕ್ಕ ಪ್ರತಿ ಹೊಲದಾಗ ಇದೇ ಜಗಳ.

ಕೊನೆಗೆ ಹಿಂಗ ಮಾಡಿದ್ವಿ. ಮೊದಲು ನಾಲ್ಕೂ ಮೂಲಿಯಿಂದ ಫೋಟೋ, ನಡುವೆ ನಿಂತು ಫೋಟೋ, ಕೈಯಾಗ ತೊಯ್ದ ಕಾಯಿ ಹಿಡಿದು ಫೋಟೋ. ಅಲ್ಲೇ ನಿಂತು 14447ಕ್ಕೆ ಫೋನ್ ಮಾಡಿ, ಅವರು ಕೊಟ್ಟ ನಂಬರು ಬರಕೊಂಡ್ವಿ. ಬೆಳೆ ಉಳಿಸಿಕೊಳ್ಳಬೇಕು, ಏನ್ ಮಾಡೋದು ಅಂತ ಅವರನ್ನ ಮತ್ತ ಕೃಷಿ ಇಲಾಖೆಯವರನ್ನ ಕೇಳಿದ್ವಿ. ಒಂದು ಪಟ್ಟಿ ಹಂಗೇ ಬಿಟ್ಟು ಉಳಿದದ್ದನ್ನ ತಿರುವಿ ಹಾಕಿದ್ವಿ, ತಿರುವೋವಾಗಲೂ ಫೋಟೋ ಹೊಡಕೊಂಡ್ವಿ. ನೋಡೋರು ಬಂದದ್ದು ಆರನೇ ದಿನ. ಬಿಟ್ಟ ಪಟ್ಟಿಯ ಕಾಳು ಬಿಳಿ ಮೊಳಕಿ ಒಡದಿತ್ತು. ತಿರುವಿದ್ದರಾಗ ಅರ್ಧದಷ್ಟು ಉಳೀತು. ಉಳಿದ ಕಾಳು ಬಣ್ಣ ಕೆಟ್ಟಿದ್ರೂ ಹದಿನೈದು ದಿನದಾಗ ಮಾರ್ಕೆಟ್ಟಿಗೆ ಹೋತು. ವಿಮೆ ದುಡ್ಡು ಬಂದದ್ದು ಮುಂದಿನ ಬಿತ್ತಿಗಿ ಹೊತ್ತಿಗೆ. ಅಣ್ಣನ ಮಾತು ಕೇಳಿದ್ರ ಹಿಂಗಾರಿ ಬೀಜಕ್ಕೂ ಸಾಲ ಮಾಡಬೇಕಾಗ್ತಿತ್ತು.

ಫೋಟೋ ಇಲ್ಲಿ ಮಾಡಿದ ಕೆಲಸ ಇಷ್ಟೇ: ಆ ಮುಂಜಾನೆಯ ಹೊಲವನ್ನು ಆರನೇ ದಿನದತನಕ ಇಟ್ಟುಕೊಂಡಿತ್ತು. ಅದರಿಂದ ವೈನಿಗೆ ಕಾಳು ಮುಟ್ಟಾಕ ಧೈರ್ಯ ಬಂತು.

ಮೂರು: ಅವ್ವ ಹಗ್ಗ ಹಿಡಿದು ನಿಂತದ್ದು

ದನದ ವಿಮೆಯಾಗ ಎಲ್ಲಾ ಕಿವಿಯ ಬಿಲ್ಲೆ ಮ್ಯಾಲೆ. 12 ಅಂಕಿಯ ನಂಬರು. ವಿಮೆ ಮಾಡಿಸೋವಾಗ ಪಶು ಡಾಕ್ಟರು ಬಂದು ನೋಡಿ, ದನದ ಫೋಟೋ, ಬಿಲ್ಲೆ ಕಾಣೋ ಫೋಟೋ, ಮಾಲಕರು ಜೊತೆಗೆ ನಿಂತ ಫೋಟೋ ತೆಗೀತಾರ. ದನ ಸತ್ತರೂ ಅದೇ ಬಿಲ್ಲೆ ಕಾಣೋ ಫೋಟೋ ಬೇಕು, ಮಣ್ಣು ಮಾಡೋಕಿಂತ ಮೊದಲು ಡಾಕ್ಟರಿಗೂ ವಿಮೆಯವರಿಗೂ ತಿಳಿಸಿ, ಮರಣೋತ್ತರ ಪರೀಕ್ಷೆ ಆಗಬೇಕು. ಬಿಲ್ಲೆ ಇಲ್ಲಂದ್ರ ಪರಿಹಾರ ಇಲ್ಲ. ಇಷ್ಟು ಬಿಗಿ ಯಾಕ ಅಂದ್ರ, ಒಂದಕ್ಕ ವಿಮೆ ಮಾಡಿಸಿ ಇನ್ನೊಂದು ಸತ್ತಾಗ ದುಡ್ಡು ಕೇಳೋ ಮಂದೀನೂ ಇದ್ದಾರ. ಅವರು ಮಾಡಿದ್ದಕ್ಕ ನಾವು ನೀವು ಪ್ರತಿ ಸಲ ಖರೆ ಅಂತ ತೋರಿಸಬೇಕಾಗೇತಿ.

ನಮ್ಮ ಮನಿ ಆಕಳಿಗೆ ಹಾವು ಮುಟ್ಟಿತು. ಗೌರಿ ಅಂತ ಅದರ ಹೆಸರು, ಅವ್ವನೇ ಸಾಕಿದ್ದು. ಡಾಕ್ಟರು ಬರೋ ಹೊತ್ತಿಗೆ ಅವ್ವ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ತನ್ನ ಹಳೇ ಸೀರಿ ಹೊಚ್ಚಿದ್ಲು. ಫೋಟೋ ಬೇಕು ಅಂದಾಗ ಅವ್ವಗ ಸಿಟ್ಟು ಬಂತು. "ವಿಮಾ ಮಾಡಿಸೋವಾಗ ನಿಲ್ಲಿಸಿ ಹೊಡದ್ರಿ. ಈಗ ಮಲಗಿಸಿ ಹೊಡೀತೀರೇನು?" ಡಾಕ್ಟರು ಒಳ್ಳೆ ಮನುಷ್ಯ, ಅವಸರ ಮಾಡಲಿಲ್ಲ. ಕಟ್ಟಿ ಮ್ಯಾಲೆ ಕುಂತು ನೀರು ಕುಡಿದ್ರು. ಆಮ್ಯಾಲೆ ಅವ್ವಗೇ ಹೇಳಿದ್ರು: "ಯವ್ವಾ, ಕಿವಿ ಅಷ್ಟು ನೀವ ತಗದು ತೋರಿಸ್ರಿ, ಬ್ಯಾರೆ ಯಾರೂ ಮುಟ್ಟೂದಿಲ್ಲ." ಅವ್ವ ತಾನೇ ಸೀರಿ ಸರಿಸಿ ಕಿವಿ ಹಿಡಿದ್ಲು. ಆ ಫೋಟೋದಾಗ ಅವ್ವನ ಬಳಿ ಹಾಕಿದ ಕೈನೂ ಬಂದೈತಿ.

ಹದಿಮೂರು ದಿನ ಆದ ಮ್ಯಾಲೆ ಅವ್ವ, "ಆ ನಿಲ್ಲಿಸಿ ಹೊಡೆದದ್ದು ಐತೇನು?" ಅಂತ ಕೇಳಿದ್ಲು. ವಿಮೆ ಮಾಡಿಸಿದ ದಿನದ್ದು. ಅವ್ವ ಹಗ್ಗ ಹಿಡಿದು ಬಿಗಿಯಾಗಿ ನಿಂತಾಳ, ಗೌರಿ ಕ್ಯಾಮೆರಾ ನೋಡೂದು ಬಿಟ್ಟು ಅವ್ವನ್ನ ನೋಡಾಕತ್ತೈತಿ. ಕಾಗದಪತ್ರಕ್ಕಂತ ಹೊಡೆದದ್ದು ಅದು. ಅವರಿಬ್ಬರ ಫೋಟೋ ಅಂತ ಇರೋದು ಅದೊಂದೇ. ಈಗ ಪಡಸಾಲಿ ಗ್ವಾಡಿ ಮ್ಯಾಲೆ ಐತಿ.

ಸೀಗಿ ಹುಣ್ಣಿವಿ ಫೋಟೋ

ಇದರ ತಿರುವುಮುರುವು ಒಂದು ಸಂಗತಿ ಐತಿ. ಬೆಳೆದು ನಿಂತ ಪೈರಿನ ಫೋಟೋ ಹೊಡೀಬಾರದು, ದೃಷ್ಟಿ ಆಗತೈತಿ ಅಂತ ಹಿರೇರು ಹೇಳ್ತಾರ. ಹೊಲದ ನಡುವೆ ಸುಣ್ಣದ ಬೊಟ್ಟಿನ ಗಡಿಗಿ ಕಟ್ಟೋದು ಅದಕ್ಕೇ. ಆ ನಂಬಿಕಿ ನಾ ಹಾಸ್ಯ ಮಾಡೂದಿಲ್ಲ, ನಮ್ಮ ಹೊಲದಾಗೂ ಗಡಿಗಿ ಐತಿ. ಆದ್ರ ಸೀಗಿ ಹುಣ್ಣಿವಿ ದಿನ ಮಾತ್ರ ಎಲ್ಲಾರೂ ಹೊಡೀತಾರ. ಬುತ್ತಿ ಕಟಗೊಂಡು, ಹೊಸ ಸೀರಿ ಉಟ್ಟು, ಚರಗ ಚೆಲ್ಲಿ, ಆಮ್ಯಾಲೆ ಪೈರಿನ ನಡುವೆ ಮಕ್ಕಳನ್ನ ನಿಲ್ಲಿಸಿ ಫೋಟೋ.

ನೋಡ್ರಿ, ಆ ಫೋಟೋದಾಗ ಏನೇನೈತಿ: ದಿನ ಗೊತ್ತೈತಿ, ಹೊಲ ಗೊತ್ತೈತಿ, ಬೆಳೆ ಯಾವುದು ಗೊತ್ತೈತಿ, ಎತ್ತರ ಎಷ್ಟು ಅನ್ನೋದು ಮಗುವಿನ ಪಕ್ಕದಾಗ ಅಳತಿ ಮಾಡಿದಂಗ ಐತಿ. ನಮ್ಮ ಭಾಗದ ಒಬ್ಬರ ಹತ್ತಿಗೆ ಆಲಿಕಲ್ಲು ಬಿದ್ದಾಗ, ನೋಡಾಕ ಬಂದವರು "ಬೆಳಿ ಮೊದಲಿಂದ ಸುಮಾರೇ ಇತ್ತಲ್ಲ" ಅಂದ್ರು. ಅವರ ಮಗಳು ಸೀಗಿ ಹುಣ್ಣಿವಿ ಫೋಟೋ ತೋರಿಸಿದ್ಲು. ಎದಿ ಮಟ ಹತ್ತಿಯೊಳಗ ತಮ್ಮ ನಿಂತಾನ. ಅವರು ನೋಡಿದ್ರು, ಆ ಮಾತು ಮತ್ತ ಎತ್ತಲಿಲ್ಲ. ಆ ಒಂದು ಫೋಟೋದಿಂದ ದುಡ್ಡು ಬಂತು ಅಂತ ನಾ ಹೇಳೂದಿಲ್ಲ. ಕಾಗದದ ಮುಂದ ಆ ಮನೀವರ ಮಾತಿಗೆ ಒಬ್ಬ ಸಾಕ್ಷಿ ಸಿಕ್ಕ, ಅಷ್ಟೇ.

ಸಾಕ್ಷಿ ಅನ್ನೋದೇ ಸರಿಯಾದ ಮಾತು. ಫೋಟೋ ನಷ್ಟ ಅಳೆಯೂದಿಲ್ಲ, ದುಡ್ಡು ಕೊಡಸೂದಿಲ್ಲ. ಈ ಜಾಗದಾಗ, ಈ ದಿನ, ಈ ಬೆಳೆ ಹಿಂಗಿತ್ತು ಅಂತ ಹೇಳತೈತಿ. ಸಾಕ್ಷಿ ಕೆಟ್ಟ ದಿನಕ್ಕಷ್ಟೇ ಬಂದ್ರ ಅರ್ಧ ಕಥೆ. ಛಲೋ ದಿನಾನೂ ಕಂಡಿರಬೇಕು.

ನಾನು ಪಾಲಿಸೋ ಪದ್ಧತಿ

1. ಬಿತ್ತಿದ 20-25 ದಿನಕ್ಕೊಮ್ಮೆ, ಹೂವಿನ ಹೊತ್ತಿಗೊಮ್ಮೆ, ಕೊಯ್ಲಿಗೆ ಮೊದಲೊಮ್ಮೆ, ಪ್ರತಿ ಸರ್ವೆ ನಂಬರಿನಲ್ಲೂ ಫೋಟೋ. ಫೋನಿನ ಲೊಕೇಶನ್ ಆನ್ ಇರಲಿ.

2. ಒಂದು ದೂರದಿಂದ, ಗುರುತು ಹತ್ತೋ ಗಿಡ, ಬಾವಿ, ಲೈಟಿನ ಕಂಬ ಕಾಣಂಗ. ಒಂದು ಹೊಲದ ನಡುವಿನಿಂದ. ಒಂದು ಹತ್ತಿರದಿಂದ, ಎಲೆ ಕಾಯಿ ಕಾಣಂಗ. ಒಂದರಾಗ ನೀವೂ ನಿಲ್ರಿ.

3. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಸಣ್ಣದಾಗಿ, ಒಳಗಿನ ಜಾಗದ ಗುರುತು ಹೋಗತೈತಿ. ಮೂಲ ಫೋಟೋ ಫೋನಿನಲ್ಲೇ ಇಡ್ರಿ, ಕಳಿಸಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸ್ರಿ.

4. ಫೋಟೋಕ್ಕೆ ಬಣ್ಣ ಹೆಚ್ಚಿಸೋದು, ಕತ್ತರಿಸೋದು, ಬೇರೆಯವರ ಹೊಲದ್ದು ಹಾಕೋದು ಬ್ಯಾಡ. ಒಬ್ಬರ ಸುಳ್ಳು ಫೋಟೋ ಸಿಕ್ಕರೆ ಊರಿನ ಎಲ್ಲರ ಫೋಟೋದ ಮೇಲೆ ಅನುಮಾನ.

5. ಫೋಟೋ ಹೊಡೆದರೆ ತಿಳಿಸಿದಂಗ ಅಲ್ಲ. 72 ತಾಸಿನೊಳಗೆ ಫೋನ್ ಮಾಡಿ, ಅವರು ಕೊಟ್ಟ ನಂಬರು, ದಿನ, ವೇಳೆ ಡೈರಿಯಾಗ ಬರೀರಿ. ಅದರದೂ ಒಂದು ಫೋಟೋ ಹೊಡಕೊಳ್ರಿ.

6. ದನದ ಬಿಲ್ಲೆ ತಿಂಗಳಿಗೊಮ್ಮೆ ನೋಡ್ರಿ. ಬಿದ್ದಿದ್ದರೆ ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿ ಹೊಸದು ಹಾಕಿಸಿ, ವಿಮೆಯವರಿಗೂ ಬರೆದು ಕೊಡ್ರಿ.

7. ಮನ್ಯಾಗ ಫೋನು ಹಿಡಿಯೋ ಹುಡುಗ್ರಿಗೆ ಇದನ್ನ ಕಲಿಸ್ರಿ. ಆಪತ್ತು ಬಂದ ದಿನ ನಮ್ಮ ಕೈ ನಡಗತಿರತಾವ.

ಲಾವಣಿಗೆ ಹೊಲ ಮಾಡೋರ ಕಷ್ಟ ಬೇರೆ. ಉತಾರದಾಗ ಮಾಲಕರ ಹೆಸರು, ಫೋಟೋದಾಗ ದುಡಿಯೋನ ಮುಖ. ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ. ಲಾವಣಿ ಮಾಡೋರು ನಿಮ್ಮ ಅನುಭವ ಕೆಳಗ ಬರೀರಿ.

ಈಗ ಶ್ರಾವಣ, ಬೆಳೆ ಸಮೀಕ್ಷೆ ನಡದೈತಿ. ಕಾಕಾ ಮೊನ್ನೆ ತಮ್ಮ ಹೊಲದಾಗ ನಿಂತು ತಾವೇ ಫೋಟೋ ಹೊಡದು ಕಳಿಸಿದ್ರು, ನನ್ನನ್ನೂ ಕರದು ತೋರಿಸಿದ್ರು. ಈ ಸಲ ಬೇವಿನ ಗಿಡದ ಮುಂದ ಗೋವಿನಜೋಳಾನೇ ಐತಿ. ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬಿದ್ದೈತಿ ಅಂತ ಈ ವಾರ ತೆಗೆದು ನೋಡ್ರಿ. ಆ್ಯಪ್ ತೆರೆಯಾಕ ಬರದವರು ಐತವಾರ ಮುಂಜಾನೆ ನಮ್ಮ ಮನಿಗೆ ಉತಾರ ತಗೊಂಡು ಬರ್ರಿ, ಮಗಳು ತೋರಸ್ತಾಳ. ಚಾ ಅವ್ವನ ಕಡೆಯಿಂದ.